ಮನೆಯ ಸೆಪ್ಟಿಕ್ ಟ್ಯಾಂಕ್: ನಿರ್ವಹಣೆ ಮತ್ತು ಸುರಕ್ಷತೆ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಒಳಚರಂಡಿ ಸಂಪರ್ಕವಿಲ್ಲದ ಪಟ್ಟಣಗಳಲ್ಲಿ, ನಗರಗಳ ಹೊರ ಬಡಾವಣೆಗಳಲ್ಲಿ ಹಾಗೂ ಗ್ರಾಮೀಣ ಪ್ರದೇಶಗಳಲ್ಲಿ ಶೌಚಾಲಯದ ತ್ಯಾಜ್ಯ ನೀರನ್ನು ಮನೆಯ ಆವರಣದಲ್ಲಿಯೇ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿಯ ಮೂಲಕ ವಿಲೇವಾರಿ ಮಾಡಲಾಗುತ್ತದೆ. ಟ್ಯಾಂಕನ್ನು ನಿರ್ಮಿಸುವಾಗ ವಹಿಸಿದ ಆಸಕ್ತಿಯನ್ನು ಅದರ ನಿರ್ವಹಣೆಯಲ್ಲಿ ವಹಿಸುವವರು ವಿರಳ. ತುಂಬಿ ಹರಿಯುವವರೆಗೂ ಅದು ನೆನಪಿಗೆ ಬರುವುದಿಲ್ಲ. ಹಲವು ವರ್ಷ ತೆರವುಗೊಳಿಸದ ಟ್ಯಾಂಕಿನಲ್ಲಿ ಹೂಳು ಗಟ್ಟಿಯಾಗುತ್ತದೆ. ಅದನ್ನು ಯಂತ್ರದಿಂದ ಹೀರುವುದು ಕಷ್ಟವಾದಾಗ ಮನುಷ್ಯನನ್ನು ಒಳಗೆ ಇಳಿಸುವ ಅಪಾಯಕಾರಿ ಹಾಗೂ ಕಾನೂನುಬಾಹಿರ ಪ್ರಸಂಗ ಉದ್ಭವಿಸುತ್ತದೆ. ಆದುದರಿಂದ ಸಕಾಲದ ನಿರ್ವಹಣೆಯು ಮನೆಯ ನೈರ್ಮಲ್ಯಕ್ಕೆ ಮಾತ್ರವಲ್ಲದೆ ಜೀವರಕ್ಷಣೆಗೂ ಸಂಬಂಧಿಸಿದ ವಿಷಯವಾಗಿರುತ್ತದೆ.

ಟ್ಯಾಂಕ್ ಕಾರ್ಯನಿರ್ವಹಿಸುವ ವಿಧಾನ

ಶೌಚಾಲಯದಿಂದ ಬಂದ ನೀರು ಟ್ಯಾಂಕಿನಲ್ಲಿ ಕೆಲಕಾಲ ನಿಂತಾಗ ಮೂರು ಪದರಗಳಾಗಿ ಬೇರ್ಪಡುತ್ತದೆ. ಭಾರವಾದ ಘನವಸ್ತು ತಳದಲ್ಲಿ ಹೂಳಾಗಿ ಕೂರುತ್ತದೆ. ಎಣ್ಣೆ, ಜಿಡ್ಡು ಮುಂತಾದ ಹಗುರ ವಸ್ತುಗಳು ಮೇಲೆ ತೇಲುತ್ತವೆ. ನಡುವಿನ ನೀರು ಇಂಗುಗುಂಡಿಗೆ ಹರಿದು ಮಣ್ಣಿನಲ್ಲಿ ಇಂಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೂಳನ್ನು ಕೊಳೆಯಿಸಿ ಅದರ ಪ್ರಮಾಣವನ್ನು ತಗ್ಗಿಸುತ್ತವೆಯೇ ಹೊರತು ಪೂರ್ಣವಾಗಿ ಇಲ್ಲವಾಗಿಸುವುದಿಲ್ಲ. ಉಳಿದ ಹೂಳು ವರ್ಷದಿಂದ ವರ್ಷಕ್ಕೆ ಸಂಗ್ರಹವಾಗುತ್ತಾ ಹೋಗುತ್ತದೆ. ನೀರು ನಿಲ್ಲಲು ಸ್ಥಳ ಸಾಲದಾದಾಗ ಹೂಳು ಇಂಗುಗುಂಡಿಗೆ ನುಗ್ಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಹೀಗೆ ಕೆಟ್ಟ ಇಂಗುಗುಂಡಿಯು ಟ್ಯಾಂಕನ್ನು ತೆರವುಗೊಳಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ.

ನಿರ್ಮಾಣದಲ್ಲಿ ಗಮನಿಸಬೇಕಾದ ಅಂಶಗಳು

ಸೆಪ್ಟಿಕ್ ಟ್ಯಾಂಕ್ ನಿರ್ಮಾಣಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 2470 ಸಂಹಿತೆಯು ಮಾರ್ಗದರ್ಶಿಯಾಗಿರುತ್ತದೆ. ಮುಖ್ಯ ಅಂಶಗಳು ಈ ಕೆಳಕಂಡಂತಿವೆ.

1. ಟ್ಯಾಂಕಿನಲ್ಲಿ ಕನಿಷ್ಠ 1,000 ಲೀಟರ್ ನೀರು ಹಿಡಿಯಬೇಕು. ಅಗಲವು 75 ಸೆಂ.ಮೀ.ಗಿಂತ ಹಾಗೂ ನೀರಿನ ಆಳವು 1 ಮೀಟರ್‌ಗಿಂತ ಕಡಿಮೆ ಇರಕೂಡದು. ಉದಾಹರಣೆಗೆ, 1.5 ಮೀ. ಉದ್ದ, 0.75 ಮೀ. ಅಗಲ ಹಾಗೂ 1 ಮೀ. ನೀರಿನ ಆಳವುಳ್ಳ ಟ್ಯಾಂಕಿನಲ್ಲಿ 1,125 ಲೀಟರ್ ನೀರು ಹಿಡಿಯುತ್ತದೆ. ಐದು ಜನರ ಕುಟುಂಬಕ್ಕೆ ಇದು ಸಾಕಾಗುತ್ತದೆ.

2. ಟ್ಯಾಂಕಿನ ತಳ ಮತ್ತು ಗೋಡೆಗಳಿಂದ ನೀರು ಸೋರಕೂಡದು. ತಳಕ್ಕೆ ಕಾಂಕ್ರೀಟ್ ಹಾಕದೆ ಸಿಮೆಂಟ್ ರಿಂಗ್‌ಗಳನ್ನು ಇಳಿಸಿದ ಗುಂಡಿಯನ್ನು ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವ ರೂಢಿ ಹಲವೆಡೆ ಇದೆ. ಇದು ಸರಿಯಲ್ಲ. ಇಂತಹ ಗುಂಡಿಯಿಂದ ಮಲಿನ ನೀರು ಬೇರ್ಪಡದೆ ನೇರವಾಗಿ ಭೂಮಿಗೆ ಸೇರುತ್ತದೆ.

3. ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರದಲ್ಲಿರಬೇಕು. ಕರಾವಳಿ ಜಿಲ್ಲೆಗಳಲ್ಲಿ ಒಂದೇ ಹಿತ್ತಿಲಿನಲ್ಲಿ ಬಾವಿಯೂ ಇಂಗುಗುಂಡಿಯೂ ಇರುವ ಮನೆಗಳು ಅನೇಕ. ಮಳೆಗಾಲದಲ್ಲಿ ಅಲ್ಲಿ ಅಂತರ್ಜಲ ಮೇಲೇರುವುದರಿಂದ ಈ ಅಂತರವು ಹೆಚ್ಚಿದ್ದಷ್ಟೂ ಒಳ್ಳೆಯದು. ನೆರೆಮನೆಯ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

4. ಗಾಳಿ ಕೊಳವೆಯ ಬಾಯಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟಬೇಕು. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಯು ಇಂತಹ ಮಲಿನ ನೀರಿನಲ್ಲಿ ಸಂತಾನಾಭಿವೃದ್ಧಿ ಮಾಡುತ್ತದೆ.

5. ಮುಚ್ಚಳದ ಮೇಲೆ ಗಾರೆ ಹಾಕಿ ಟೈಲ್ಸ್ ಜೋಡಿಸುವುದು, ಅದರ ಮೇಲೆ ಕೊಠಡಿ ಕಟ್ಟುವುದು ಸಲ್ಲದು. ತೆರೆಯಲಾಗದ ಟ್ಯಾಂಕನ್ನು ತೆರವುಗೊಳಿಸಲಾಗದು.

ದಿನನಿತ್ಯದ ಬಳಕೆ

1. ಸ್ಯಾನಿಟರಿ ಪ್ಯಾಡ್, ಡೈಪರ್, ಪ್ಲಾಸ್ಟಿಕ್, ಬಟ್ಟೆಯ ಚೂರು, ಕೂದಲು ಮುಂತಾದವುಗಳನ್ನು ಶೌಚಾಲಯಕ್ಕೆ ಹಾಕಕೂಡದು. ಇವು ಕೊಳೆಯುವುದಿಲ್ಲ. ಹೀರುಕೊಳವೆಯಲ್ಲಿ ಸಿಕ್ಕಿಕೊಂಡು ಯಂತ್ರದ ಕೆಲಸವನ್ನೂ ನಿಲ್ಲಿಸುತ್ತವೆ.

2. ಕರಿದ ಎಣ್ಣೆ, ಮುಸುರೆ, ಬಣ್ಣ, ಕೀಟನಾಶಕಗಳನ್ನು ಸುರಿಯಕೂಡದು.

3. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಅತಿಯಾಗಿ ಬಳಸಿದಲ್ಲಿ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗುತ್ತವೆ. ಇವೆರಡನ್ನೂ ಒಟ್ಟಿಗೆ ಬಳಸಿದಲ್ಲಿ ವಿಷಕಾರಿ ಕ್ಲೋರಿನ್ ಅನಿಲ ಉಂಟಾಗುತ್ತದೆ. ಆದ್ದರಿಂದ ಎಂದಿಗೂ ಬೆರೆಸಕೂಡದು.

4. ತಾರಸಿಯ ಮಳೆನೀರನ್ನು ಟ್ಯಾಂಕಿಗೆ ಬಿಡಕೂಡದು. ರಭಸದ ನೀರು ಹೂಳನ್ನು ಕದಡಿ ಹೊರಕ್ಕೆ ತಳ್ಳುತ್ತದೆ.

5. ಹೂಳು ಕರಗಿಸುವುದಾಗಿ ಮಾರಾಟವಾಗುವ ಪುಡಿ ಹಾಗೂ ದ್ರಾವಣಗಳು ಟ್ಯಾಂಕ್ ತೆರವುಗೊಳಿಸುವುದಕ್ಕೆ ಪರ್ಯಾಯವಲ್ಲ.

ಹೂಳು ತೆರವುಗೊಳಿಸುವುದು

ಸಾಮಾನ್ಯ ಕುಟುಂಬದ ಟ್ಯಾಂಕನ್ನು 2ರಿಂದ 3 ವರ್ಷಗಳಿಗೊಮ್ಮೆ ತೆರವುಗೊಳಿಸುವುದು ಸೂಕ್ತ. ಟ್ಯಾಂಕ್ ಚಿಕ್ಕದಿದ್ದು ಬಳಸುವವರು ಹೆಚ್ಚಿದ್ದಲ್ಲಿ ಇನ್ನೂ ಬೇಗನೆ ತೆರವುಗೊಳಿಸಬೇಕಾಗುತ್ತದೆ. ತಳದ ಹೂಳು ಮತ್ತು ತೇಲುವ ಪದರ ಸೇರಿ ಟ್ಯಾಂಕಿನ ಆಳದ ಅರ್ಧವನ್ನು ಮೀರಲು ಬಿಡಕೂಡದು. ಶೌಚಾಲಯದ ನೀರು ನಿಧಾನವಾಗಿ ಇಳಿಯುವುದು, ಅಂಗಳದಲ್ಲಿ ದುರ್ವಾಸನೆ, ಇಂಗುಗುಂಡಿಯ ಸುತ್ತ ನೆಲ ಒದ್ದೆಯಾಗುವುದು ಇವು ಎಚ್ಚರಿಕೆಯ ಲಕ್ಷಣಗಳು. ಆದರೆ ಇವು ಕಾಣಿಸಿಕೊಳ್ಳುವ ವೇಳೆಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

1. ಸಕ್ಕಿಂಗ್ ಯಂತ್ರಕ್ಕಾಗಿ ಸ್ಥಳೀಯ ಪುರಸಭೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸತಕ್ಕದ್ದು. ಖಾಸಗಿ ವಾಹನವಾಗಿದ್ದಲ್ಲಿ ಹೂಳನ್ನು ಎಲ್ಲಿಗೆ ಒಯ್ಯಲಾಗುತ್ತದೆ ಎಂಬುದನ್ನು ಕೇಳಿ ತಿಳಿಯತಕ್ಕದ್ದು.

2. ಮಳೆಗಾಲಕ್ಕೆ ಮುನ್ನವೇ ಈ ಕೆಲಸ ಮುಗಿಸುವುದು ಒಳ್ಳೆಯದು. ಅಂತರ್ಜಲ ಮೇಲಿರುವಾಗ ಬರಿದಾದ ಹಗುರ ಪ್ಲಾಸ್ಟಿಕ್ ಟ್ಯಾಂಕ್ ನೆಲದಿಂದ ಮೇಲೇಳುವ ಸಂಭವವಿರುತ್ತದೆ.

3. ಟ್ಯಾಂಕನ್ನು ತೊಳೆದು ಶುಭ್ರಗೊಳಿಸಬೇಕಾಗಿಲ್ಲ. ತಳದಲ್ಲಿ ಸುಮಾರು 25 ಮಿ.ಮೀ. ಹೂಳು ಉಳಿಸಿದಲ್ಲಿ ಸೂಕ್ಷ್ಮಜೀವಿಗಳು ಮತ್ತೆ ಬೇಗನೆ ವೃದ್ಧಿಯಾಗುತ್ತವೆ.

4. ತೆರವುಗೊಳಿಸಿದ ದಿನಾಂಕ ಬರೆದಿಟ್ಟು, ರಸೀದಿಯನ್ನು ಮನೆಯ ಕಾಗದಪತ್ರಗಳೊಂದಿಗೆ ಕಾಯ್ದಿರಿಸತಕ್ಕದ್ದು. ಬಾಡಿಗೆ ಮನೆಗಳಲ್ಲಿ ಈ ಹೊಣೆ ಮಾಲೀಕರದ್ದೋ ಬಾಡಿಗೆದಾರರದ್ದೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಉತ್ತಮ.

ಹೂಳನ್ನು ಕೆರೆ, ಹಳ್ಳ, ರಾಜಕಾಲುವೆ ಅಥವಾ ಬಯಲಿನಲ್ಲಿ ಸುರಿಯಕೂಡದು. ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ ಪ್ರಕಾರ ಜಲಮೂಲಗಳಿಗೆ ಮಾಲಿನ್ಯಕಾರಕ ವಸ್ತುಗಳನ್ನು ಬಿಡುವುದು ನಿಷಿದ್ಧ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಕಾರ್ಯಾರಂಭ ಮಾಡಿತು. ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಈ ಘಟಕವು ಸರಿಯಾಗಿ ಸಂಸ್ಕರಿಸಿದ ಹೂಳು ಗೊಬ್ಬರವಾಗಬಲ್ಲದೆಂಬುದನ್ನು ತೋರಿಸಿಕೊಟ್ಟಿದೆ.

ಯಾರನ್ನೂ ಟ್ಯಾಂಕಿನೊಳಗೆ ಇಳಿಸಕೂಡದು

ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲಗಳು ತುಂಬಿದ್ದು, ಆಮ್ಲಜನಕದ ಕೊರತೆ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಅಧಿಕವಾದಾಗ ಮೂಗಿನ ಗ್ರಹಣಶಕ್ತಿಯೇ ಕುಂದುವುದರಿಂದ, ವಾಸನೆ ಇಲ್ಲವೆಂಬ ಕಾರಣಕ್ಕೆ ಅಪಾಯವಿಲ್ಲವೆಂದು ತಿಳಿಯುವುದು ಪ್ರಾಣಾಂತಿಕ. ಮುಚ್ಚಳವನ್ನು ಕೆಲಕಾಲ ತೆರೆದಿಟ್ಟರೆ ಸಾಕು, ದೀಪ ಇಳಿಸಿ ನೋಡಿದರೆ ತಿಳಿಯುತ್ತದೆ ಎಂಬ ನಂಬಿಕೆಗಳು ತಪ್ಪು. ಮೀಥೇನ್ ದಹನಶೀಲವಾದುದರಿಂದ ಬೆಂಕಿ ಅನಾಹುತವೂ ಸಂಭವಿಸಬಹುದು.

ಒಳಗೆ ಯಾರಾದರೂ ಪ್ರಜ್ಞೆ ತಪ್ಪಿದಲ್ಲಿ ಅವರನ್ನು ಎತ್ತಲು ಮತ್ತೊಬ್ಬರು ಇಳಿಯಕೂಡದು. ಹೀಗೆ ಇಳಿದವರೂ ಮೃತಪಟ್ಟ ಪ್ರಕರಣಗಳಿವೆ. ತಕ್ಷಣ 112ಕ್ಕೆ ಕರೆ ಮಾಡಿ, ಉಸಿರಾಟದ ಸಾಧನವುಳ್ಳ ರಕ್ಷಣಾ ಸಿಬ್ಬಂದಿಯನ್ನು ಕರೆಸತಕ್ಕದ್ದು.

ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಅಧಿನಿಯಮ, 2013ರ 7ನೇ ಪ್ರಕರಣವು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೊಳಿಸುವಿಕೆಗೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತೊಡಗಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 2 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ, ನಂತರದ ಅಪರಾಧಕ್ಕೆ 5 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 5 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಮನೆ ಮಾಲೀಕರೂ ಈ ನಿಷೇಧಕ್ಕೆ ಒಳಪಡುತ್ತಾರೆ. ಕೆಲಸಗಾರರು ತಾವಾಗಿಯೇ ಒಪ್ಪಿದರೆಂಬುದು ಸಮರ್ಥನೆಯಾಗಲಾರದು.

ಒಳಚರಂಡಿ ಕೆಲಸದಲ್ಲಿ ಮೃತಪಟ್ಟವರ ಕುಟುಂಬಕ್ಕೆ 10 ಲಕ್ಷ ರೂ. ಪರಿಹಾರ ನೀಡುವಂತೆ ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಈ ಮೊತ್ತವನ್ನು 30 ಲಕ್ಷ ರೂ.ಗೆ ಹೆಚ್ಚಿಸಿತು. ಯಾವ ಪರಿಹಾರವೂ ಹೋದ ಜೀವವನ್ನು ತರಲಾರದು.

ಸಾರ್ವಜನಿಕರಲ್ಲಿ ಕೋರಿಕೆ

ಪ್ರತಿಯೊಂದು ಕುಟುಂಬವೂ ತನ್ನ ಟ್ಯಾಂಕನ್ನು ಕೊನೆಯದಾಗಿ ತೆರವುಗೊಳಿಸಿದ ವರ್ಷವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಮೂರು ವರ್ಷ ಮೀರಿದ್ದಲ್ಲಿ ಅಥವಾ ವರ್ಷವೇ ನೆನಪಿಲ್ಲದಿದ್ದಲ್ಲಿ ಮುಂದಿನ ಮಳೆಗಾಲದೊಳಗೆ ಸಕ್ಕಿಂಗ್ ಯಂತ್ರದಿಂದ ತೆರವುಗೊಳಿಸಲು ಕ್ರಮ ಕೈಗೊಳ್ಳಲು ಕೋರಲಾಗಿದೆ. ಹೂಳು ಮೆತ್ತಗಿರುವಾಗಲೇ ತೆರವುಗೊಳಿಸಿದಲ್ಲಿ ಯಾರನ್ನೂ ಒಳಗೆ ಇಳಿಸುವ ಪ್ರಸಂಗವೇ ಬರುವುದಿಲ್ಲ.