ಶಾಲಿಮಾರ್ ಸೀಸೆಯೊಳಗಿನ ಚರಿತ್ರೆ

ನಮ್ಮ ನಾನಾ ಜುಮಾ ನಮಾಜಿಗೆ ಹೊರಡುವ ಮುನ್ನ ಅತ್ತರಿನಲ್ಲಿ ಅದ್ದಿದ ಹತ್ತಿಯ ಉಂಡೆಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ವಿಲಾಯತಿ ಸೆಂಟು ಅವರಿಗೆ ಆಗುತ್ತಿರಲಿಲ್ಲ. ಅದರಲ್ಲಿ ಆಲ್ಕೋಹಾಲ್ ಇದೆ ಎಂಬುದು ಅವರ ತಕರಾರು. ಆದರೂ ಗಲ್ಫಿನಲ್ಲಿದ್ದ ಮಾಮು ರಜೆಗೆ ಬಂದಾಗ ಅಮ್ಮಿಗೆ ತಂದುಕೊಟ್ಟಿದ್ದ ನೀಲಿ ಬಿರಡೆಯ ಪುಟ್ಟ ಸೀಸೆಯೊಂದು ನಮ್ಮ ಬೀರುವಿನಲ್ಲಿತ್ತು. ಅದರ ಹೆಸರು ಶಾಲಿಮಾರ್. ನಾನಾ ಒಮ್ಮೆ ಅದನ್ನು ಕೈಗೆತ್ತಿಕೊಂಡು, 'ಹೆಸರು ನಮ್ಮದು, ಸೀಸೆ ಅವರದು' ಎಂದು ನಕ್ಕಿದ್ದರು.

ಪ್ಯಾರಿಸಿನಲ್ಲಿ 1828ರಲ್ಲಿ ಅಂಗಡಿ ತೆರೆದ ಗೆರ್ಲೇನ್ ಮನೆತನದ ಮೂರನೆಯ ತಲೆಮಾರಿನ ಜಾಕ್ ಗೆರ್ಲೇನ್ ತಯಾರಿಸಿದ ಸುಗಂಧ ಅದು. 1925ರ ಪ್ಯಾರಿಸ್ ಅಲಂಕಾರ ಕಲೆಗಳ ಪ್ರದರ್ಶನದಲ್ಲಿ ಅದು ಜಗತ್ತಿನ ಕಣ್ಣಿಗೆ ಬಿತ್ತು. ಷಹಜಹಾನ್ ಮತ್ತು ಮುಮ್ತಾಜ್ ಶಾಲಿಮಾರ್ ತೋಟದಲ್ಲಿ ವಿಹರಿಸುತ್ತಿದ್ದ ಪ್ರೇಮಕಥೆಯೇ ಇದಕ್ಕೆ ಸ್ಫೂರ್ತಿ ಎಂದು ಕಂಪನಿ ಹೇಳಿಕೊಂಡು ಬಂದಿದೆ. ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಈ ಕಥೆ ಸ್ವಲ್ಪ ತಡವರಿಸುತ್ತದೆ. ಷಹಜಹಾನ್ ಲಾಹೋರಿನಲ್ಲಿ ಶಾಲಿಮಾರ್ ತೋಟದ ಕೆಲಸ ಶುರುಮಾಡಿಸಿದ್ದು 1641ರಲ್ಲಿ. ಮುಮ್ತಾಜ್ ಬುರ್ಹಾನ್‌ಪುರದಲ್ಲಿ ಹೆರಿಗೆಯಲ್ಲಿ ತೀರಿಕೊಂಡದ್ದು 1631ರಲ್ಲಿ. ಶ್ರೀನಗರದ ಶಾಲಿಮಾರ್ ಇನ್ನೂ ಹಳೆಯದು, ನಿಜ. ಆದರೆ 1619ರಲ್ಲಿ ಅದನ್ನು ಕಟ್ಟಿಸಿದವನು ಜಹಾಂಗೀರ್.

ಮೊಘಲರ ಸುಗಂಧದ ಕಥೆ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಜಹಾಂಗೀರನ ಆತ್ಮಚರಿತ್ರೆಯಲ್ಲೇ ಇದೆ. ನೂರ್‌ಜಹಾನಳ ತಾಯಿ ಅಸ್ಮತ್ ಬೇಗಂ ಬಿಸಿ ಗುಲಾಬಿ ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಯ ಪೊರೆಯನ್ನು ಸ್ವಲ್ಪಸ್ವಲ್ಪವಾಗಿ ಕೂಡಿಟ್ಟಳು. ಒಂದು ಹನಿ ಅಂಗೈಗೆ ಸವರಿದರೆ ಸಭೆಯೆಲ್ಲ ಘಮಘಮಿಸುತ್ತಿತ್ತಂತೆ. ಬಾದಶಹ ಆಕೆಗೆ ಮುತ್ತಿನ ಸರವನ್ನು ಇನಾಮು ಕೊಟ್ಟ. ಸಲೀಮಾ ಸುಲ್ತಾನ್ ಬೇಗಂ ಆ ಎಣ್ಣೆಗೆ ಇತ್ರ್-ಎ-ಜಹಾಂಗೀರಿ ಎಂದು ಹೆಸರಿಟ್ಟಳು. ಅತ್ತೆ ಕಂಡುಹಿಡಿದದ್ದಕ್ಕೆ ಅಳಿಯನ ಹೆಸರು!

ಫ್ರೆಂಚರ ಶಾಲಿಮಾರ್ ತೋಟದಲ್ಲಿ ಮಾತ್ರ ಹುಟ್ಟಿದ್ದಲ್ಲ, ಪ್ರಯೋಗಶಾಲೆಯಲ್ಲೂ ಹುಟ್ಟಿದ್ದು. ದಕ್ಷಿಣ ಫ್ರಾನ್ಸಿನ ಗ್ರಾಸ್ ಊರಿನವರು ಮೊದಲು ಚರ್ಮ ಹದ ಮಾಡುವವರು. ಚರ್ಮದ ವಾಸನೆ ಮುಚ್ಚಲು ಕೈಗವುಸುಗಳಿಗೆ ಪರಿಮಳ ಪೂಸುತ್ತಿದ್ದರು. ಕ್ರಮೇಣ ಮಲ್ಲಿಗೆ, ಗುಲಾಬಿಗಳ ಕೃಷಿಯೇ ಅವರ ಕಸುಬಾಯಿತು. ಆದರೆ 19ನೇ ಶತಮಾನದ ರಸಾಯನಶಾಸ್ತ್ರ ಎಲ್ಲವನ್ನೂ ತಲೆಕೆಳಗು ಮಾಡಿತು. 1868ರಲ್ಲಿ ಕೂಮರಿನ್, 1874ರಲ್ಲಿ ವೆನಿಲಿನ್ ಪ್ರಯೋಗಶಾಲೆಯಲ್ಲಿ ತಯಾರಾದವು. ಇವೆರಡನ್ನೂ ಬಳಸಿ ಏಮೆ ಗೆರ್ಲೇನ್ 1889ರಲ್ಲಿ 'ಜಿಕಿ' ಎಂಬ ಸುಗಂಧ ಮಾಡಿದ. ಅದೇ ಜಿಕಿಗೆ ಜಾಕ್ ಗೆರ್ಲೇನ್ ವೆನಿಲಿನ್‌ಗಿಂತ ಸುಮಾರು ಮೂರು ಪಟ್ಟು ತೀಕ್ಷ್ಣವಾದ ಈಥೈಲ್ ವೆನಿಲಿನ್ ಸುರಿದು ನೋಡಿದನೆಂದೂ, ಅದೇ ಶಾಲಿಮಾರ್ ಆಯಿತೆಂದೂ ಪ್ರತೀತಿ. ಮೇಲೆ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ತಾಜಾತನ, ತಳದಲ್ಲಿ ವೆನಿಲಾ, ಜೊತೆಗೆ ನಮ್ಮ ಹಿರಿಯರಿಗೂ ಗೊತ್ತಿದ್ದ ಪುನುಗು.

ಸೀಸೆಯ ಮಹಿಮೆಯೂ ಕಡಿಮೆಯಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಫ್ರಾನ್ಸ್ವಾ ಕೋಟಿ ಎಂಬ ಕಾರ್ಸಿಕಾದ ವ್ಯಾಪಾರಿ ಗಾಜಿನ ಕಲಾವಿದ ರೆನೆ ಲಾಲಿಕ್‌ನಿಂದ ಸೀಸೆ ಮಾಡಿಸಿ, ಕಣ್ಣಿಗೂ ಮೂಗಿಗೂ ಒಟ್ಟಿಗೆ ಮಾರುವ ಉಪಾಯ ಕಂಡುಕೊಂಡ. ಶಾಲಿಮಾರ್ ಸೀಸೆಯನ್ನು ರೇಮಂಡ್ ಗೆರ್ಲೇನ್ ರೂಪಿಸಿದ. ಬಕಾರಾ ಕಾರ್ಖಾನೆ ಸ್ಫಟಿಕದಲ್ಲಿ ತಯಾರಿಸಿತು. ಅದರ ಆಕಾರ ಮೊಘಲ್ ತೋಟದ ಕಾರಂಜಿ ಬಟ್ಟಲಿನದು.

ಇಂದಿಗೂ ಶಾಲಿಮಾರ್ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಹಾಗಿದ್ದರೆ ಕೆಲವರು ಎಪ್ಪತ್ತು, ಎಂಬತ್ತು ವರ್ಷ ಹಳೆಯ ಸೀಸೆಗಳನ್ನು ಹುಡುಕಿಕೊಂಡು ಯಾಕೆ ಅಲೆಯುತ್ತಾರೆ? ಯಾಕೆಂದರೆ ಹೆಸರು ಉಳಿದರೂ ಒಳಗಿನ ದ್ರವ ಬದಲಾಗುತ್ತಲೇ ಬಂದಿದೆ. ಕಸ್ತೂರಿ ಮೃಗದ ಬೇಟೆಗೆ ಅಂತರರಾಷ್ಟ್ರೀಯ ಕಡಿವಾಣ ಬಿತ್ತು, ಒಳ್ಳೆಯದೇ ಆಯಿತು. ಪುನುಗಿನ ಬದಲು ಕೃತಕ ದ್ರವ್ಯ ಬಂತು. ಬರ್ಗಮಾಟ್ ಎಣ್ಣೆಯಲ್ಲಿದ್ದ ಒಂದು ಅಂಶ ಬಿಸಿಲಿಗೆ ಚರ್ಮವನ್ನು ಸುಡುತ್ತದೆಂದು ತಿಳಿದ ಮೇಲೆ ಅದನ್ನು ತೆಗೆದ ಎಣ್ಣೆ ಬಳಕೆಗೆ ಬಂತು. ಓಕ್ ಮರದ ಹಾವಸೆಯಿಂದ ಅಲರ್ಜಿಯೆಂದು ಅದಕ್ಕೂ ಮಿತಿ ಬಿತ್ತು. ಇವುಗಳಲ್ಲಿ ಹೆಚ್ಚಿನವಕ್ಕೆ ನ್ಯಾಯವಾದ ಕಾರಣಗಳಿವೆ. ಆದರೆ ಬದಲಾವಣೆಯನ್ನು ಲೇಬಲ್ಲಿನ ಮೇಲೆ ಯಾರೂ ಬರೆಯುವುದಿಲ್ಲ. ಪುಸ್ತಕಕ್ಕೆ 'ಪರಿಷ್ಕೃತ ಮುದ್ರಣ' ಎಂದು ಹಾಕುವ ಸೌಜನ್ಯ ಸುಗಂಧದ ಲೋಕದಲ್ಲಿಲ್ಲ.

ಹೀಗಾಗಿ ಸಂಗ್ರಾಹಕನಿಗೆ ಸೀಸೆಯೇ ದಸ್ತಾವೇಜು. ತಳದಲ್ಲಿ ಯಾವ ಗಾಜಿನ ಕಾರ್ಖಾನೆಯ ಗುರುತಿದೆ, ಲೇಬಲ್ಲಿನ ಅಕ್ಷರ ಹೇಗಿದೆ, ಡಬ್ಬಿ ಯಾವ ಕಾಲದ್ದು ಎಂದೆಲ್ಲ ನೋಡುತ್ತಾನೆ. ಬಿರಡೆಯ ಸುತ್ತ ತೆಳು ಪೊರೆ ಹೊದಿಸಿ ದಾರ ಬಿಗಿದ ಹಳೆಯ ಮೊಹರು ಹಾಗೇ ಇದ್ದರೆ ಬೆಲೆ ಏರುತ್ತದೆ. ಖಾಲಿ ಸೀಸೆಗೆ ಹೊಸ ದ್ರವ ತುಂಬಿ ಮಾರುವವರೂ ಇದ್ದಾರೆ. ಅಸಲಿಯೇ ಸಿಕ್ಕರೂ ಬೆಳಕು, ಸೆಖೆ, ಗಾಳಿ ಮೂರೂ ಅದಕ್ಕೆ ವೈರಿಗಳು. ಮೊದಲು ಸಾಯುವುದು ನಿಂಬೆಯ ಹಗುರ ವಾಸನೆ. ವೆನಿಲಾ, ಗಂಧದಂಥ ಭಾರದ ವಾಸನೆಗಳು ದಶಕಗಳ ಕಾಲ ನಿಲ್ಲುತ್ತವೆ. ಮೊಹರು ಒಡೆಯದೆ ಅದರ ವಾಸನೆ ತಿಳಿಯದು. ಒಡೆದರೆ ಗಾಳಿ ಒಳಹೊಕ್ಕು ಅದು ಕೆಡಲು ತೊಡಗುತ್ತದೆ. ಓದಿದಷ್ಟೂ ಅಳಿಸಿಹೋಗುವ ಹಸ್ತಪ್ರತಿಯಂತೆ.

ಈ ಹುಡುಕಾಟದಲ್ಲಿ ನಮ್ಮ ನಾಡಿನ ಹೆಸರೂ ಬರುತ್ತದೆ. 1914ರ ಯುದ್ಧದಿಂದ ಯುರೋಪಿಗೆ ಗಂಧದ ಕೊರಡುಗಳ ರಫ್ತು ನಿಂತಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ಬಟ್ಟಿ ಇಳಿಸಲು ತೊಡಗಿತು. ಫ್ರೆಂಚ್ ಸುಗಂಧಗಾರರ ಬಾಯಲ್ಲಿ 'ಮೈಸೂರು' ಎಂದರೆ ಊರಲ್ಲ, ಉತ್ತಮ ಗಂಧದೆಣ್ಣೆ. ಗೆರ್ಲೇನ್ ಕಂಪನಿಯೇ 1989ರಲ್ಲಿ ಮೈಸೂರು ಗಂಧವನ್ನು ಧಾರಾಳವಾಗಿ ಬಳಸಿ 'ಸಂಸಾರ' ಎಂಬ ಸುಗಂಧ ಹೊರತಂದಿತು. (ನಮ್ಮಲ್ಲಿ ಸಂಸಾರವೆಂದರೆ ಹೆಂಡತಿ ಮಕ್ಕಳು, ಅಕ್ಕಿ ಬೇಳೆ ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.) ಕಳ್ಳಸಾಗಣೆ ನಮ್ಮ ಕಾಡುಗಳನ್ನು ಬರಿದು ಮಾಡಿತು. ಈಗ ಅದೇ ಜಾತಿಯ ಮರಗಳ ತೋಟಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿವೆ. ಮೊದಲ ವರ್ಷಗಳ 'ಸಂಸಾರ' ಸೀಸೆಗಳನ್ನು ಸಂಗ್ರಾಹಕರು ಹುಡುಕುವುದು ನಮ್ಮ ಗಂಧಕ್ಕಾಗಿ.

ಈ ವಾಸನೆಗಳನ್ನು ಉಳಿಸಲು 1990ರಲ್ಲಿ ವರ್ಸೈಲ್ಸ್‌ನಲ್ಲಿ ಓಸ್ಮೋಥೆಕ್ ಎಂಬ ಸಂಗ್ರಹಾಲಯ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಜಾನ್ ಪಟೂ ಕಂಪನಿಯ ಸುಗಂಧಗಾರರಾಗಿದ್ದ ಜಾನ್ ಕೆರ್ಲಿಯೋ. ಅಲ್ಲಿ ಸುಗಂಧಗಳನ್ನು ಕತ್ತಲೆಯಲ್ಲಿ, 12 ಡಿಗ್ರಿ ತಂಪಿನಲ್ಲಿ, ಸೀಸೆಯೊಳಗೆ ಗಾಳಿಯ ಬದಲು ಆರ್ಗಾನ್ ಅನಿಲ ತುಂಬಿ ಇಡುತ್ತಾರೆ. ಮಾರುಕಟ್ಟೆಯಿಂದ ಮರೆಯಾದ ಕೋಟಿಯ 1917ರ 'ಶಿಪ್ರ್'ನಂಥವನ್ನು ಹಳೆಯ ಸೂತ್ರದ ಪ್ರಕಾರ ಮತ್ತೆ ಮಾಡಿಟ್ಟಿದ್ದಾರೆ. ಅವು ಮಾರಾಟಕ್ಕಲ್ಲ. ಕಾಗದದ ಪಟ್ಟಿಯ ಮೇಲೆ ಒಂದು ಹನಿ ಹಾಕಿ ಮೂಸಲು ಕೊಡುತ್ತಾರೆ, ಅಷ್ಟೇ.

ನಾನಾ ತೀರಿಕೊಂಡ ಮೇಲೆ ಅವರ ಅತ್ತರ್‌ದಾನ್ ನನ್ನ ಪಾಲಿಗೆ ಬಂತು. ಐದು ಸೀಸೆಗಳಲ್ಲಿ ನಾಲ್ಕು ಒಣಗಿದ್ದವು. ಐದನೆಯದರ ತಳದಲ್ಲಿ ಬೆಲ್ಲದ ಪಾಕದಂತೆ ಏನೋ ಅಂಟಿಕೊಂಡಿದೆ. ಯಾವ ಅಂಗಡಿಯದು, ಯಾವ ಹೂವಿನದು ಎಂದು ಅಮ್ಮಿಗೂ ನೆನಪಿಲ್ಲ. ಅದರ ಬಿರಡೆ ತೆಗೆಯಬೇಕೋ ಬೇಡವೋ ಎಂದು ಮನೆಯಲ್ಲಿ ಇನ್ನೂ ವಾದ ನಡೆದಿದೆ.