ಹೀಲರ್ ಪಾತ್ರವರ್ಗ: ಆನ್‌ಲೈನ್ ಪಾತ್ರಾಭಿನಯ ಕ್ರೀಡೆಗಳಲ್ಲಿ ಅದರ ಇತಿಹಾಸ

ಅಂತರಜಾಲದ ಮೂಲಕ ಸಹಸ್ರಾರು ಜನರು ಏಕಕಾಲದಲ್ಲಿ ಆಡುವ ಪಾತ್ರಾಭಿನಯ ಕ್ರೀಡೆಗಳಲ್ಲಿ, ಶತ್ರುಪ್ರಹಾರದಿಂದ ಕುಗ್ಗುತ್ತಿರುವ ಸಂಗಡಿಗರ ಪ್ರಾಣಶಕ್ತಿಯನ್ನು ಮಂತ್ರದಿಂದಲೋ ಪ್ರಾರ್ಥನೆಯಿಂದಲೋ ಮರಳಿ ತುಂಬುವುದನ್ನೇ ಮುಖ್ಯ ಕರ್ತವ್ಯವಾಗಿ ಉಳ್ಳ ಪಾತ್ರವರ್ಗವೇ ಹೀಲರ್. ಹೊಡೆತವನ್ನು ತನ್ನ ಮೇಲೆ ಎಳೆದುಕೊಳ್ಳುವ ಟ್ಯಾಂಕ್, ಶತ್ರುವನ್ನು ಕೆಡಹುವ ಯೋಧ, ಇವರಿಬ್ಬರನ್ನೂ ಉಳಿಸಿಕೊಳ್ಳುವ ಹೀಲರ್ ಎಂಬ ತ್ರಯದ ಮೇಲೆ ಈ ಪ್ರಕಾರದ ಬಹುಪಾಲು ಕ್ರೀಡೆಗಳು ನಿಂತಿವೆ. ಈ ಮೂವರಲ್ಲಿ ವಿನ್ಯಾಸಕಾರರನ್ನು ಅತ್ಯಧಿಕವಾಗಿ ಕಾಡಿದವನು ಹೀಲರನೇ. ಅವನ ಶಕ್ತಿ ಅಲ್ಪವಾದರೆ ತಂಡವೇ ಅಳಿಯುವುದು, ಅಧಿಕವಾದರೆ ಯಾರೂ ಸಾಯದೆ ಯುದ್ಧವೇ ನಿರರ್ಥಕವಾಗುವುದು.

ಇವನ ಮೂಲಪುರುಷನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟದ ಕ್ಲೆರಿಕ್. ಆರ್ನೆಸನ್ನನ ಗೋಷ್ಠಿಯಲ್ಲಿ ರಕ್ತಪಿಶಾಚಿಯ ಪಾತ್ರವೊಂದು ಎಲ್ಲರನ್ನೂ ಮೀರಿ ಬೆಳೆಯಲಾಗಿ, ಅದನ್ನು ತಡೆಯಲೆಂದು ಸೃಷ್ಟಿಯಾದ ಈ ಪುರೋಹಿತಯೋಧನಿಗೆ ಆ ಮೊದಲ ಆವೃತ್ತಿಯ ಪ್ರಥಮ ಮಟ್ಟದಲ್ಲಿ ಮಂತ್ರವೊಂದೂ ಇರಲಿಲ್ಲ. ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು 1991ರಲ್ಲಿ ಹೊರತಂದ ‘ಡಿಕುಮಡ್’ ಎಂಬ, ಗಣಕಜಾಲದಲ್ಲಿ ಆಡುವ ಅಕ್ಷರಮಾತ್ರದ ಕ್ರೀಡೆಯಲ್ಲಿಯೂ ಅವನು ಕಾಣಿಸಿಕೊಂಡನು.

1999ರ ಮಾರ್ಚ್ ತಿಂಗಳಲ್ಲಿ ಪ್ರಕಟವಾದ ‘ಎವರ್‌ಕ್ವೆಸ್ಟ್’ ಕ್ರೀಡೆಯಲ್ಲಿ ಹೀಲರನ ಬಾಳು ಕಠೋರವಾದ ತಪಸ್ಸಿನಂತಿದ್ದಿತು. ಮಂತ್ರಪ್ರಯೋಗದಲ್ಲಿ ವ್ಯಯವಾದ ಮನಾಶಕ್ತಿಯನ್ನು ಮರಳಿ ಪಡೆಯಲು ಅವನು ಕುಳಿತು ಧ್ಯಾನಿಸಬೇಕಾಗಿದ್ದು, ಮೂವತ್ತೈದನೆಯ ಮಟ್ಟವನ್ನು ಮುಟ್ಟುವವರೆಗೆ ಆ ಧ್ಯಾನಕ್ಕಾಗಿ ತೆರೆದ ಮಂತ್ರಪುಸ್ತಕವು ರಣರಂಗವನ್ನೇ ಕಣ್ಣಿನಿಂದ ಮರೆಮಾಡುತ್ತಿತ್ತು. ‘ಕಂಪ್ಲೀಟ್ ಹೀಲ್’ ಎಂಬ ಮಹಾಮಂತ್ರದ ಉಚ್ಚಾರಣೆಗೆ ಹತ್ತು ಸೆಕೆಂಡು ಬೇಕು. ಆದರೆ ದೊಡ್ಡ ರಾಕ್ಷಸರ ಮುಂದೆ ಟ್ಯಾಂಕ್ ಹತ್ತು ಸೆಕೆಂಡು ಬದುಕುವುದು ದುರ್ಲಭ. ಆದುದರಿಂದ ಹಲವು ಕ್ಲೆರಿಕರು ಸರದಿಯ ಸಂಖ್ಯೆಯನ್ನು ಹಂಚಿಕೊಂಡು, ಒಬ್ಬನು ಮಂತ್ರವನ್ನು ಆರಂಭಿಸಿದ ಕೆಲವು ಸೆಕೆಂಡುಗಳಲ್ಲಿ ಮುಂದಿನವನು ತನ್ನದನ್ನು ತೊಡಗಿ, ಹೀಗೆ ಒಂದರ ಹಿಂದೊಂದು ಮಂತ್ರವು ಫಲಿಸುವಂತೆ ಸರಪಣಿಯನ್ನು ಕಟ್ಟಿದರು. ನಿರ್ಮಾತೃಗಳು ಹೇಳಿಕೊಡದೆ ಆಟಗಾರರೇ ಕಂಡುಕೊಂಡ ಈ ಪದ್ಧತಿ ಆ ಕಾಲದ ಅತ್ಯಂತ ಸುಂದರವಾದ ಸಾಮೂಹಿಕ ಶೋಧವೆನ್ನಬೇಕು.

ಕೊರಿಯದ ಗ್ರಾವಿಟಿ ಸಂಸ್ಥೆಯ ‘ರಾಗ್ನರಾಕ್ ಆನ್‌ಲೈನ್’ 2002ರಲ್ಲಿ ಹೊರಬಂದು, ಆ ದಶಕದ ಮಧ್ಯಭಾಗದಲ್ಲಿ ಲೆವೆಲ್ ಅಪ್ ಸಂಸ್ಥೆಯ ಮೂಲಕ ಭಾರತಕ್ಕೂ ಬಂದಿತು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಇನ್ನೂ ಬಾರದಿದ್ದ ಆ ದಿನಗಳಲ್ಲಿ ಇಂಥ ಕ್ರೀಡೆಗಳಿಗೆ ಸೈಬರ್ ಕೆಫೆಗಳೇ ಆಶ್ರಯವಾಗಿದ್ದವು. ‘ರಾಗ್ನರಾಕ್’ನಲ್ಲಿನ ಅಕೊಲೈಟ್ ಎಂಬ ಹೀಲರನಿಗೆ ಒಂಟಿಯಾಗಿ ಹೋರಾಡುವ ಬಲ ಅಲ್ಪವಾಗಿದ್ದರೂ, ಅವನ ಚಿಕಿತ್ಸಾಮಂತ್ರವು ಪ್ರೇತವರ್ಗದ ಜೀವಿಗಳ ಮೇಲೆ ಪ್ರಯುಕ್ತವಾದಾಗ ಅವುಗಳನ್ನು ದಹಿಸುತ್ತಿದ್ದುದರಿಂದ, ಪಯೋನ್ ಎಂಬ ಊರಿನ ಗುಹೆಯಲ್ಲಿ ಜೋಂಬಿಗಳನ್ನು ಗುಣಪಡಿಸಿ ಕೊಲ್ಲುತ್ತ ಅವನು ಬೆಳೆಯಬಹುದಾಗಿದ್ದಿತು. ಹೀಲರನ ಏಕಾಂತದ ಕಷ್ಟಕ್ಕೆ ಇಷ್ಟು ಸರಳವಾದ ಪರಿಹಾರ ಮತ್ತೆಲ್ಲಿಯೂ ವಿರಳ.

2004ರ ನವೆಂಬರಿನಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಪ್ರೀಸ್ಟ್, ಡ್ರೂಯಿಡ್, ಪ್ಯಾಲಡಿನ್, ಶಾಮನ್ ಎಂಬ ನಾಲ್ವರಿಗೆ ಈ ಕಾರ್ಯವನ್ನು ಹಂಚಿತು. ಮಂತ್ರ ಪ್ರಯೋಗಿಸಿದ ಮೇಲೆ ಐದು ಸೆಕೆಂಡು ಸಂಯಮದಿಂದ ಸುಮ್ಮನಿದ್ದವನಿಗೆ ಮಾತ್ರ ಮನಾಶಕ್ತಿಯು ಪೂರ್ಣವೇಗದಲ್ಲಿ ಮರಳುತ್ತಿದ್ದಿತಾಗಿ, ಯಾವಾಗ ಚಿಕಿತ್ಸೆ ಮಾಡಬಾರದೆಂಬ ವಿವೇಕಕ್ಕೂ ಬೆಲೆಯಿದ್ದಿತು. 2008ರ ವಿಸ್ತರಣದಲ್ಲಿ ಆ ಶಕ್ತಿಯು ಬಹುಮಟ್ಟಿಗೆ ಅಕ್ಷಯವಾಗಿ, ಎರಡು ಹೊಡೆತಕ್ಕೆ ಸಾಯುವವರನ್ನು ಬೆರಳಿನ ವೇಗದಿಂದ ಉಳಿಸುವುದೇ ಹೀಲರನ ವಿದ್ಯೆಯಾಯಿತು. 2010ರ ಡಿಸೆಂಬರಿನ ‘ಕ್ಯಾಟಕ್ಲಿಸಂ’ ವಿಸ್ತರಣವು ಅದನ್ನು ತಿರುಗಿಸಿ, ಯಾರಿಗೆ ಮೊದಲು, ಯಾರಿಗೆ ಅನಂತರ ಎಂಬ ನಿರ್ಣಯವನ್ನು ಮತ್ತೆ ಮುಖ್ಯಗೊಳಿಸಿತು. ಅದು ಅನೇಕರಿಗೆ ಕಷ್ಟವೆನಿಸಿದರೂ ಆ ಮಾರ್ಗವೇ ಶ್ರೇಷ್ಠವಾದುದು.

ಈ ಅಭಿಪ್ರಾಯಕ್ಕೆ ಹೈದರಾಬಾದಿನಂಥ ನಗರದಿಂದ ನೋಡಿದಾಗ ಮತ್ತಷ್ಟು ಬಲ ಬರುವುದು. ಭಾರತದಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಕ್ರೀಡೆಗೆ ಸರ್ವರ್ ಸ್ಥಾಪಿತವಾಗದ ಕಾರಣ ಇಲ್ಲಿಯ ಆಟಗಾರರು ದೂರದೇಶದ ಸರ್ವರುಗಳನ್ನೇ ಅವಲಂಬಿಸಬೇಕಾಯಿತು. ಒತ್ತಿದ ಗುಂಡಿಯ ಸಂದೇಶವು ಯುರೋಪಿಗೆ ಹೋಗಿ ಮರಳಲು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಹಿಡಿಯುವುದು. ವೇಗವನ್ನೇ ಬೇಡುವ ವಿನ್ಯಾಸದಲ್ಲಿ, ಪರದೆಯ ಮೇಲೆ ಇನ್ನೂ ಬದುಕಿರುವಂತೆ ತೋರುವ ಸಂಗಡಿಗನು ಸರ್ವರಿನಲ್ಲಿ ಆಗಲೇ ಸತ್ತಿರಬಹುದು. ಇಂಥ ವೇಗಕ್ಕೆ ಬದಲಾಗಿ, 2005ರ ‘ಗಿಲ್ಡ್ ವಾರ್ಸ್’ ತನ್ನ ಮಾಂಕ್ ಪಾತ್ರಕ್ಕೆ ಹೊಡೆತ ಬೀಳುವ ಮುನ್ನವೇ ತೊಡಿಸುವ ರಕ್ಷಾಮಂತ್ರಗಳನ್ನು ಕೊಟ್ಟು ದೂರದೃಷ್ಟಿಗೆ ಸ್ಥಾನ ಕಲ್ಪಿಸಿತ್ತು.

ಹೀಲರನ ಹೊಣೆ ಹೊರಲು ಒಪ್ಪುವವರು ಎಲ್ಲ ಕಾಲದಲ್ಲಿಯೂ ವಿರಳ. 2011ರಲ್ಲಿ ‘ವಾರ್‌ಕ್ರಾಫ್ಟ್’ ಕೊರತೆಯಿರುವ ಪಾತ್ರಗಳನ್ನು ವಹಿಸಿಕೊಂಡವರಿಗೆ ವಿಶೇಷ ಪಾರಿತೋಷಕ ಘೋಷಿಸಿತು. 2012ರ ‘ಗಿಲ್ಡ್ ವಾರ್ಸ್ 2’ ಪ್ರತಿಯೊಬ್ಬನೂ ತನ್ನನ್ನು ತಾನೇ ಗುಣಪಡಿಸಿಕೊಳ್ಳಲೆಂದು ಆ ವರ್ಗವನ್ನೇ ಕೈಬಿಟ್ಟಿತಾದರೂ, 2015ರ ವಿಸ್ತರಣದಲ್ಲಿ ಡ್ರೂಯಿಡ್ ರೂಪದಿಂದ ಹೀಲರನು ಹಿಂದಿರುಗಿದನು.

ಹೈದರಾಬಾದಿನಲ್ಲಿ ಆಡುವವರಷ್ಟೇ ಅಲ್ಲ, ಆಟಗಳನ್ನು ರಚಿಸುವವರೂ ಇದ್ದಾರೆ. ಎಲೆಕ್ಟ್ರಾನಿಕ್ ಆರ್ಟ್ಸ್, ಗೇಮ್‌ಲಾಫ್ಟ್ ಮುಂತಾದ ಸಂಸ್ಥೆಗಳು ಹೈದರಾಬಾದಿನಲ್ಲಿ ಸ್ಟುಡಿಯೊ ತೆರೆದವು. ತೆಲಂಗಾಣ ಸರ್ಕಾರ 2016ರಲ್ಲಿ ಗೇಮಿಂಗ್ ಒಳಗೊಂಡ ನೀತಿಯೊಂದನ್ನು ಪ್ರಕಟಿಸಿತು. 2023 ಮತ್ತು 2024ರ ನವೆಂಬರಿನಲ್ಲಿ ಭಾರತೀಯ ಗೇಮ್ ಡೆವಲಪರ್ ಸಮ್ಮೇಳನ ಅಲ್ಲಿಯೇ ಸೇರಿತು. ಆ ನಗರದ ವಿನ್ಯಾಸಕಾರರು ಮುಂದೆ ಇಂಥ ಕ್ರೀಡೆಯನ್ನು ರಚಿಸುವಾಗ, ನಾರಾಯಣಪೇಟೆಯಲ್ಲಿಯೋ ಯಾದಗಿರಿಯಲ್ಲಿಯೋ ಮೊಬೈಲಿನ ದುರ್ಬಲ ಸಂಪರ್ಕದಲ್ಲಿ ಆಡುವವನ ಕೈಗೆ ಹೀಲರನನ್ನು ಮೊದಲು ಕೊಟ್ಟು ಪರೀಕ್ಷಿಸಬೇಕು.