ಅಮೆರಿಕದ ವಾದ್ಯವೃಂದ ಮತ್ತು ನಮ್ಮ ತಾಳ

ನೆಕ್ರಾಜೆ, ಬದಿಯಡ್ಕ, ಕುಂಬಳೆ ಕಡೆಯ ನಮಗೆ ವಾದ್ಯಮೇಳವೆಂದರೆ ಮೊದಲು ನೆನಪಾಗುವುದು ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳ. ಭಾಗವತರ ಮುಂದೆ ಪ್ರಸಂಗದ ಪುಸ್ತಕವಿದ್ದರೂ ಅದರಲ್ಲಿ ಪದ್ಯ ಮತ್ತು ರಾಗತಾಳಗಳ ಹೆಸರಿರುತ್ತವೆ, ಸ್ವರವಿರುವುದಿಲ್ಲ. ಚೆಂಡೆ, ಮದ್ದಳೆಯವರಿಗಂತೂ ಬರಹವೇ ಇಲ್ಲ. ವೇಷಧಾರಿಯ ಹೆಜ್ಜೆ, ಭಾಗವತರ ಜಾಗಟೆ, ಇವೇ ಅವರಿಗೆ ದಾರಿ. ಪಾಶ್ಚಾತ್ಯ ಸಿಂಫನಿ ವಾದ್ಯವೃಂದದ್ದು ಇದಕ್ಕೆ ತದ್ವಿರುದ್ಧ ಕ್ರಮ. ಎಂಬತ್ತು ತೊಂಬತ್ತು ಮಂದಿ ಹಾಳೆ ನೋಡಿಯೇ ನುಡಿಸುತ್ತಾರೆ. ಹಾಳೆಯ ಮೇಲೆ ಬಾರದ್ದು ಸಭೆಯಲ್ಲೂ ಕೇಳುವುದಿಲ್ಲ. ಭಾರತದ ಸಂಗೀತಕ್ಕೆ ಮನಸೋತ ಅಮೆರಿಕದ ಸಂಗೀತಕಾರರು ಕಳೆದ ಏಳು ದಶಕಗಳಿಂದ ಎದುರಿಸುತ್ತಿರುವ ಪ್ರಶ್ನೆ ಇದೇ.

ಸಿಂಫನಿ ಸಂಗೀತ ಕನ್ನಡಿಗರಿಗೆ ತೀರ ದೂರದ್ದೇನೂ ಆಗಿರಲಿಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡಿನ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಬೆಂಬಲವಾಗಿ ನಿಂತರು. ರಷ್ಯಾದ ನಿಕೊಲಾಯ್ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. 1950ರ ಮೇ ತಿಂಗಳಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದರ ಹಿಂದೆಯೂ ಅವರ ಹಣದ ಭರವಸೆಯಿತ್ತು. ಆದರೆ ಆ ಹಾಡುಗಳಲ್ಲಿ ಭಾರತದ ರಾಗ, ತಾಳಗಳಿರಲಿಲ್ಲ. ಆ ದಾರಿಯನ್ನು ಹುಡುಕಿದವರಲ್ಲಿ ಅಮೆರಿಕದವರೂ ಇದ್ದರು.

ಮೊದಲಿಗರಲ್ಲೊಬ್ಬ ಹೆನ್ರಿ ಕೋವೆಲ್. 1931ರ ಹೊತ್ತಿಗೇ ಬರ್ಲಿನ್ನಿನಲ್ಲಿ ಪಿ. ಸಾಂಬಮೂರ್ತಿಯವರಿಂದ ಕರ್ನಾಟಕ ಸಂಗೀತದ ಪಾಠ ಹೇಳಿಸಿಕೊಂಡಿದ್ದ ಕೋವೆಲ್, ಐವತ್ತರ ದಶಕದಲ್ಲಿ ಮದರಾಸಿಗೆ ಬಂದುಹೋದ ಮೇಲೆ ತನ್ನ 13ನೆಯ ಸಿಂಫನಿಗೆ ‘ಮದ್ರಾಸ್’ ಎಂದೇ ಹೆಸರಿಟ್ಟ. ತಬಲಾ, ಜಲತರಂಗಗಳನ್ನೂ ಸೇರಿಸಿಕೊಂಡ ಈ ಕೃತಿ 1959ರಲ್ಲಿ ಮದರಾಸಿನಲ್ಲೇ ಮೊದಲು ನುಡಿಯಿತು. ಬೆನ್ನಿಗೇ ಅಲನ್ ಹೋವನೆಸ್ ಫುಲ್‌ಬ್ರೈಟ್ ವೇತನ ಪಡೆದು ಬಂದ. ದಕ್ಷಿಣ ಭಾರತದ ವಾದ್ಯಗಳಿಗಾಗಿಯೇ ಮದರಾಸು ಆಕಾಶವಾಣಿಗೆ ‘ನಾಗೂರನ್’ ಎಂಬ ಕೃತಿ ರಚಿಸಿದ. ಇಬ್ಬರದೂ ಪ್ರಾಮಾಣಿಕ ಪ್ರೀತಿ. ಆದರೂ ಇಲ್ಲಿಯ ವಾದ್ಯವನ್ನು ಪಕ್ಕದಲ್ಲಿ ಕೂರಿಸಿದ ಮಾತ್ರಕ್ಕೆ ವಾದ್ಯವೃಂದದ ನಡಿಗೆ ಬದಲಾಗುವುದಿಲ್ಲ ಎಂದೇ ನನ್ನ ಭಾವನೆ.

ನಡಿಗೆ ಬದಲಾದದ್ದು ಪ್ಯಾರಿಸ್ಸಿನ ಒಂದು ಸ್ಟುಡಿಯೋದಲ್ಲಿ. 1965ರ ಸುಮಾರಿಗೆ ‘ಚಪಾಕ್ವಾ’ ಎಂಬ ಸಿನಿಮಾಕ್ಕೆ ಸಿತಾರ್ ವಾದಕ ರವಿಶಂಕರ್ ಸಂಗೀತ ಕೊಡುತ್ತಿದ್ದರು. ಅವರು ಹೇಳಿದ್ದನ್ನು ಫ್ರೆಂಚ್ ವಾದಕರಿಗಾಗಿ ಬರೆದುಕೊಡುವ ಕೆಲಸ ಅಮೆರಿಕದ ತರುಣ ಸಂಯೋಜಕ ಫಿಲಿಪ್ ಗ್ಲಾಸ್‌ನ ಪಾಲಿಗೆ ಬಂತು. ಪಾಶ್ಚಾತ್ಯ ರೂಢಿಯಂತೆ ಗ್ಲಾಸ್ ಸ್ವರಗಳ ನಡುವೆ ಅಡ್ಡಗೆರೆ ಎಳೆದು ಲೆಕ್ಕ ಕಟ್ಟಿದ. ಗೆರೆ ಬಂದಲ್ಲೆಲ್ಲ ವಾದಕರ ಕೈ ತಾನಾಗಿ ಒತ್ತು ಹಾಕುತ್ತಿತ್ತು. ಒತ್ತು ಸರಿಯಿಲ್ಲವೆಂದು ತಬಲಾದ ಅಲ್ಲಾ ರಖಾ ಮತ್ತೆ ಮತ್ತೆ ಹೇಳಿದರು. ಗೆರೆಯನ್ನು ಅತ್ತಿತ್ತ ಸರಿಸಿ ಸೋತ ಗ್ಲಾಸ್ ಕೊನೆಗೆ ಎಲ್ಲ ಗೆರೆಗಳನ್ನೂ ಅಳಿಸಿಹಾಕಿದ. ಆಗ ಉಳಿದದ್ದು ಎರಡು, ಮೂರರ ಗುಂಪುಗಳಾಗಿ ಹರಿಯುವ ಸ್ವರಗಳ ಸಾಲು. ತ್ರಿವುಡೆಯನ್ನು ಮೂರು, ಎರಡು, ಎರಡು ಎಂದು ಎಣಿಸಿ ಕಲಿತ ನಮ್ಮ ಕಡೆಯ ಮದ್ದಳೆಯ ಹುಡುಗನಿಗೆ ಇದು ಹೊಸದಲ್ಲ. ಗ್ಲಾಸ್‌ಗೆ ಮಾತ್ರ ಮುಂದಿನ ಬದುಕಿನ ದಾರಿಯೇ ಅಲ್ಲಿ ತೆರೆಯಿತು. ಚಿಕ್ಕ ಗುಂಪಿಗೆ ಒಂದೊಂದೇ ಸ್ವರ ಕೂಡಿಸುತ್ತಾ, ಕಳೆಯುತ್ತಾ ಹೋಗುವ ಆ ಪದ್ಧತಿ ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳನ್ನೇ ಹಾಡಿಸುವ ‘ಸತ್ಯಾಗ್ರಹ’ ಒಪೆರಾಕ್ಕೆ (1980) ಬಂತು. 1987ರ ಪಿಟೀಲು ಕನ್ಸರ್ಟೋದಲ್ಲಿ, ಆಮೇಲಿನ ಸಿಂಫನಿಗಳಲ್ಲಿ ಬೇರೂರಿತು. 1990ರಲ್ಲಿ ಗ್ಲಾಸ್ ಮತ್ತು ರವಿಶಂಕರ್ ಪರಸ್ಪರರ ಧಾತುಗಳನ್ನು ಬೆಳೆಸಿ ‘ಪ್ಯಾಸೇಜಸ್’ ಎಂಬ ಆಲ್ಬಮ್ ಹೊರತಂದರು.

ತಾಳಕ್ಕೆ ಹೀಗೆ ದಾರಿಯಾಯಿತು. ಗಮಕ ಉಳಿಯಿತು. ಎರಡು ಸ್ವರಗಳ ನಡುವಿನ ಜಾರು, ಕಂಪನಗಳನ್ನು ಹಾಳೆಯಲ್ಲಿ ಹಿಡಿಯುವುದು ಹೇಗೆ? ಕರ್ನಾಟಕ ಪದ್ಧತಿಯಲ್ಲಿ ಬೆಳೆದು, ಕ್ಯಾಲಿಫೋರ್ನಿಯಾದಲ್ಲಿ ಪಾಶ್ಚಾತ್ಯ ಸಂಗೀತ ಓದಿ, ಬೆಂಗಳೂರಲ್ಲಿ ನೆಲೆಸಿದ ಎಲ್. ಸುಬ್ರಹ್ಮಣ್ಯಂ ಅದನ್ನು ತನ್ನ ಪಿಟೀಲಿಗೇ ಇಟ್ಟುಕೊಂಡರು. 1985ರಲ್ಲಿ ಜುಬಿನ್ ಮೆಹ್ತಾ ನೇತೃತ್ವದ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆ ನುಡಿಸಿದ ‘ಫ್ಯಾಂಟಸಿ ಆನ್ ವೇದಿಕ್ ಚಾಂಟ್ಸ್’ ಆ ಬಗೆಯದು.

ಈಚಿನವರಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸಿದವರು ಲಾಸ್ ಏಂಜಲೀಸ್‌ನ ರೀನಾ ಇಸ್ಮಾಯಿಲ್. 1983ರಲ್ಲಿ ಹುಟ್ಟಿದ ಅವರು ಭಾರತಕ್ಕೆ ಬಂದು ಹಿಂದೂಸ್ತಾನಿ ಕಲಿತವರು. 2018ರ ‘ಮೇರಿ ಸಖಿ ಕೀ ಆವಾಜ್’ ಕೃತಿಯಲ್ಲಿ ವಾದ್ಯವೃಂದದ ಜೊತೆಗೆ ಹಿಂದೂಸ್ತಾನಿ ಗಾಯಕಿ ಮತ್ತು ಪಾಶ್ಚಾತ್ಯ ಸೊಪ್ರಾನೊ ಗಾಯಕಿ ಎದುರುಬದುರಾಗಿ ನಿಲ್ಲುತ್ತಾರೆ. ಹಿಂದೂಸ್ತಾನಿ ಗಾಯಕಿಯನ್ನು ರೀನಾ ಅಲಂಕಾರಕ್ಕೆ ಕರೆತಂದಿಲ್ಲ. ಹಾಡುಗಾರಿಕೆಯೇ ಕೃತಿಯ ಬೆನ್ನೆಲುಬು. ಬರೆದದ್ದನ್ನು ಓದುವವರೂ ಕಿವಿಯಿಂದ ಕಲಿತವರೂ ಪರಸ್ಪರ ಕೇಳಿಸಿಕೊಂಡು ಸಾಗಬೇಕಾಗುತ್ತದೆ. ಕೋವೆಲ್ ಜಲತರಂಗಕ್ಕೆ ಕೊಡದ ಸ್ಥಾನವಿದು.

ಚೆಂಡೆ, ಮದ್ದಳೆಗೂ ಇಂಥ ಕೃತಿ ಬರಬೇಕೆಂಬುದು ನನ್ನ ಆಸೆ. ಚೆಂಡೆಯ ಏರುದನಿಯನ್ನು ಕಹಳೆಗಳ ಸಾಲು ತಾಳಿಕೊಂಡೀತು. ಕಷ್ಟವಿರುವುದು ಬೇರೆಡೆ: ಕುಣಿತ ಏರಿದರೆ ಭಾಗವತರು ಪದ್ಯವನ್ನು ಎಳೆಯುತ್ತಾರೆ, ಮುಕ್ತಾಯ ಯಾವಾಗ ಬರುತ್ತದೆಂದು ಮೊದಲೇ ಯಾರೂ ಹೇಳಲಾರರು. ಅಮೆರಿಕದ ವಾದ್ಯವೃಂದಗಳಿಗೆ ಒಂದು ಕಛೇರಿಗೆ ಸಿಗುವುದು ಸಾಮಾನ್ಯವಾಗಿ ಬೆರಳೆಣಿಕೆಯ ತಾಲೀಮು. ಅಷ್ಟರಲ್ಲಿ ಎಂಬತ್ತು ಮಂದಿ ಹಾಳೆಯಿಂದ ಕಣ್ಣೆತ್ತಿ ಭಾಗವತರ ಜಾಗಟೆಗೆ ಕಿವಿಗೊಡುವಂತೆ ಬರೆಯಬಲ್ಲವರು ಬೇಕು.